ಎಡಗೈಯ ದೋಸೆ

ಮೊನ್ನೆ ಬೆರಳಿಗೆ ಸುಟ್ಟಗಾಯದ ಮುಲಾಮು ಹಚ್ಚಿಕೊಳ್ಳುವಾಗ, ಆ ವಾಸನೆಗೆ ಪುರಸೈವಾಕ್ಕಂನ ನಮ್ಮ ಒಂದೇ ಕೋಣೆಯ ಮನೆ ಮೆಲ್ಲಗೆ ತೇಲಿ ಬಂತು.

ಅಪ್ಪ ಹೋಟೆಲಿನಲ್ಲಿ ದೋಸೆ ಹೊಯ್ಯುವವರು. ಅಲ್ಲಿ ಕುದಿಯುವ ಸಾಂಬಾರು ಚೆಲ್ಲಿ ಬಲಗೈ ಬೆಂದು, ತಿಂಗಳಿನಿಂದ ಮನೆಯಲ್ಲಿದ್ದರು. ಕೈ ವಾಸಿಯಾಗುವ ತನಕ ವಿಮೆಯವರು ಸಂಬಳದ ಬದಲು ಕೊಡುತ್ತಿದ್ದ ದುಡ್ಡಿನಲ್ಲೇ ನಮ್ಮ ಊಟ. ಕೆಲಸ ಮಾಡುವುದು ಕಂಡರೆ ಅದೂ ನಿಲ್ಲುತ್ತಿತ್ತು. ಅದನ್ನೇ ನೋಡಲು ಆ ಮಧ್ಯಾಹ್ನ ಒಬ್ಬ ಅಧಿಕಾರಿ ಬಂದರು. ಬಿಸಿಲಿಗೆ ಅವರ ಅಂಗಿ ಬೆನ್ನಿಗೆ ಅಂಟಿತ್ತು.

“ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವುದಾ?” ಎನ್ನುತ್ತಾ ಅಪ್ಪ ಎದ್ದೇಬಿಟ್ಟರು.

“ನೀವು ಕೂತುಕೊಳ್ಳಿ ಮಾರಾಯ್ರೆ, ನಾನು ಹೊಯ್ತೇನೆ,” ಎಂದು ಅಮ್ಮ ದೊಡ್ಡ ಕಣ್ಣು ಬಿಟ್ಟಳು.

ಅಷ್ಟರಲ್ಲಿ ಸೌಟು ಅಪ್ಪನ ಎಡಗೈಯಲ್ಲಿತ್ತು. ಹಿಟ್ಟು ಕಾವಲಿಯ ಮೇಲೆ ಸುತ್ತುತ್ತಾ ಸುತ್ತುತ್ತಾ ಅಗಲವಾಯಿತು. ಬಲಗೈಯ ಬಿಳಿ ಬ್ಯಾಂಡೇಜು ಹಬೆಯೊಳಗೆ ಕರಗಿದಂತಿತ್ತು. ಮುಲಾಮಿನ ವಾಸನೆಯೂ ತುಪ್ಪದ ವಾಸನೆಯೂ ಒಂದಾದವು. ತಿಂಗಳ ಮೇಲೆ ಮೊದಲ ಸಲ ಅಪ್ಪನ ಮುಖ ಬೆಳಗಿತ್ತು. ಅಧಿಕಾರಿ ಬಾಗಿಲ ಬಳಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ಅಮ್ಮ ಸೆರಗಿನ ತುದಿಯನ್ನು ಹಿಂಡುತ್ತಾ ಗೋಡೆಗೆ ಒರಗಿದ್ದಳು.

ಎರಡು ದೋಸೆ ತಿಂದು, ಕೈ ತೊಳೆದು, ಅವರು ಕಾಗದದಲ್ಲಿ ಏನೋ ಬರೆದರು. ಚಪ್ಪಲಿ ಮೆಟ್ಟುತ್ತಾ ಅಮ್ಮನ ಕಡೆ ತಿರುಗಿ ತಮಿಳಿನಲ್ಲಿ ಹೇಳಿದರು: “ನೀವು ಹೊಯ್ದ ದೋಸೆ ತುಂಬಾ ಚೆನ್ನಾಗಿತ್ತಮ್ಮಾ.”

“ಅಮ್ಮ ಅಲ್ಲ, ಅಪ್ಪ” ಎನ್ನಲು ನಾನು ಬಾಯಿ ತೆರೆದೆ. ಅಮ್ಮ ಬಿಸಿ ದೋಸೆಯ ಚೂರೊಂದನ್ನು ನನ್ನ ಬಾಯಿಗೆ ತುರುಕಿದಳು.