ಹೊಂಬಾಳಮ್ಮನ ಊರುಗೋಲು

ಸ್ನೇಹಿತರೇ, ಇವತ್ತು ಬಹಳ ಗಂಭೀರವಾದ ವಿಷಯ...

ಮನುಷ್ಯನಿಗೆ ಬೆಂಕಿ ಸಿಕ್ಕಿತು, ಚಕ್ರ ಸಿಕ್ಕಿತು, ಚಂದ್ರನ ಮೇಲೆ ಕಾಲಿಟ್ಟದ್ದೂ ಆಯಿತು. ಆದರೆ ಎಂಬತ್ತು ದಾಟಿದ ಹೆಂಗಸಿನ ಕೈಗೆ ಊರುಗೋಲು ಹಿಡಿಸುವುದು ಹೇಗೆ ಎಂಬ ಪ್ರಶ್ನೆ ಹಾಗೇ ಉಳಿದುಕೊಂಡಿದೆ.

ಚನ್ನಪಟ್ಟಣದ ಒಂದು ಬೀದಿಯಲ್ಲಿ ಮಾತ್ರ ಉತ್ತರ ಸಿಕ್ಕಿದೆ. ದಯವಿಟ್ಟು ಪೂರ್ತಿ ಓದಿ...

ಆ ಬೀದಿಯ ಕೆಂಪರಾಜು ಮರದ ಬೊಂಬೆ ಮಾಡುವವನು. ಮನೆಯ ಪಡಸಾಲೆಯಲ್ಲೇ ಒಂದು ಪುಟ್ಟ ಲೇತ್.

ತಿರುಗುವ ಮರಕ್ಕೆ ಅವನು ಉಳಿ ತಾಗಿಸಿದರೆ ಸಾಕು... ಬುಗುರಿ, ಗಿಲಕಿ, ಟೋಪಿ ಹಾಕಿದ ಬೊಂಬೆ ಒಂದರ ಹಿಂದೆ ಒಂದು ಉದುರುತ್ತವೆ. ಗೇಣಿಗಿಂತ ಉದ್ದದ ವಸ್ತುವನ್ನು ಮಾತ್ರ ಅವನು ಈವರೆಗೆ ಮಾಡಿದವನಲ್ಲ.

ಅವನ ಅತ್ತೆ ಹೊಂಬಾಳಮ್ಮ ಇದ್ದದ್ದು ಮಗಳ ಮನೆಯಲ್ಲೇ. ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ.

ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಈಗ ಎದ್ದು ನಡೆಯದಿದ್ದರೆ ಇನ್ನು ನಡೆಯುವುದೇ ಇಲ್ಲ ಎಂದರು.

ಮೆಡಿಕಲ್ ಶಾಪಿನಿಂದ ಸ್ಟೀಲಿನ ಕೋಲು ಬಂತು. ಅಜ್ಜಿ ನೋಡಿದರು. ಇದನ್ನು ಯಾರಾದರೂ ಮುದುಕಿಯರಿಗೆ ಕೊಡಿ ಎಂದು ಮಗ್ಗುಲಾದರು.

ಅದು ಈಗ ಸೊಳ್ಳೆಪರದೆ ಕಟ್ಟಲು ಬಳಕೆಯಲ್ಲಿದೆ.

ತೊಂದರೆ ಏನೆಂದರೆ, ಅಜ್ಜಿಯ ಮಂಚ ಇದ್ದದ್ದು ಲೇತಿನ ಎದುರಿಗೆ... ಬುಗುರಿಯ ಹೊಟ್ಟೆ ದಪ್ಪವಾಯಿತು, ಬೊಂಬೆಯ ಟೋಪಿ ಸೊಟ್ಟಗಾಯಿತು ಎಂದು ಬೆಳಗಿನಿಂದ ಸಂಜೆಯವರೆಗೆ ಕಾಮೆಂಟರಿ.

ಗೌರವಕ್ಕೇನೂ ಕೊರತೆ ಇರಲಿಲ್ಲ. ಪ್ರತಿ ಟೀಕೆಯೂ “ಅಳಿಯಂದ್ರೇ” ಎಂದೇ ಶುರುವಾಗುತ್ತಿತ್ತು.

ಕೊನೆಗೆ, ಕೋಲು ನಾನೇ ಮಾಡುತ್ತೇನೆ ಎಂದು ಕೆಂಪರಾಜು ಎದ್ದ. ಅದರಲ್ಲಿ ಅತ್ತೆಯ ಮೇಲಿನ ಪ್ರೀತಿ ಎಷ್ಟು, ಅತ್ತೆ ಸ್ವಲ್ಪ ಹೊತ್ತು ಬೀದಿಗೆ ಹೋಗಲಿ ಎಂಬ ಆಸೆ ಎಷ್ಟು ಎಂದು ಯಾರೂ ತೂಗಿ ನೋಡಿಲ್ಲ.

ಪಕ್ಕದ ಬೀದಿಯಲ್ಲಿ ಮಂಚದ ಕಾಲು ಮಾಡುವವನ ಉದ್ದನೆಯ ಲೇತ್ ಇತ್ತು. ಅಲ್ಲಿಗೆ ಹೋದ. ಉದ್ದದ ಮರಕ್ಕೆ ಉಳಿಯನ್ನು ಹಗುರಾಗಿ ಹಿಡಿಯಬೇಕು ಎಂದು ಆ ಲೇತಿನವನು ಹೇಳಬಂದ. ಉಳಿ ಹಿಡಿಯುವುದನ್ನು ನನಗೆ ಹೇಳಿಕೊಡಬೇಡ ಎಂದ ಕೆಂಪರಾಜು.

ಮರ ಕೇರೆ ಹಾವಿನ ಹಾಗೆ ಬಳುಕಿ, ಎರಡು ತುಂಡಾಗಿ, ಒಂದು ತುಂಡು ಎದುರು ಮನೆಯ ಹೆಂಚಿನ ಮೇಲೆ ಹೋಗಿ ಕುಳಿತಿತು.

ಕೆಂಪರಾಜು ತನ್ನ ಪುಟ್ಟ ಲೇತಿಗೇ ಮರಳಿ ಬಂದ. ಸಣ್ಣ ಸಣ್ಣ ತುಂಡು ಮಾಡಿ, ನಡುವೆ ತೂತು ಕೊರೆದು, ಕಬ್ಬಿಣದ ಸರಳಿಗೆ ಮಣಿಯಂತೆ ಪೋಣಿಸುವುದೆಂದು ತೀರ್ಮಾನಿಸಿದ.

ಆದರೆ ಕೈ ಕೇಳಬೇಕಲ್ಲ... ನೆಟ್ಟಗಿರಬೇಕಾದ ಪ್ರತಿ ತುಂಡಿಗೂ ತಾನಾಗಿ ಒಂದು ಸೊಂಟ ಬಂತು, ಕುತ್ತಿಗೆ ಬಂತು. ಒಂದೆರಡಕ್ಕೆ ಟೋಪಿಯೂ ಬಂತು.

ಮಂಚದಿಂದ ದನಿ ಬಂತು.

“ಅಳಿಯಂದ್ರೇ, ಇದು ಕೋಲಾ? ಇಲ್ಲ ಬೊಂಬೆಗಳು ಒಂದರ ತಲೆ ಮ್ಯಾಲೆ ಒಂದು ಹತ್ಕಂಡು ಕಳ್ಳತನಕ್ಕೆ ಹೊಂಟವಾ?”

ಕೆಂಪರಾಜುವಿಗೆ ರೇಗಿತು. ಹಾಗಾದರೆ ಬೊಂಬೆಯೇ ಆಗಲಿ ಎಂದು ತುಂಡುಗಳನ್ನು ಲೇತಿನಲ್ಲಿ ತಿರುಗಿಸುತ್ತಲೇ ಕೆಂಪು, ಹಳದಿ, ಹಸಿರು ಅರಗು ಬಳಿದು, ತಾಳೆಗರಿ ಒತ್ತಿ ಫಳಫಳ ಹೊಳೆಯಿಸಿದ. ತಲೆಗೆ ಅಂಗೈ ತುಂಬುವ ಒಂದು ಗುಂಡು. ಬುಡಕ್ಕೆ ಜಾರದಂತೆ ರಬ್ಬರು.

ಆಮೇಲೆ ಒಮ್ಮೆ ತಾನೇ ಅದರ ಮೇಲೆ ಭಾರ ಹಾಕಿ ನೋಡಿದ. ಮತ್ತೆ ನೋಡಿದ. ಮೈಕಟ್ಟಿನಲ್ಲಿ ತನಗಿಂತ ಗಟ್ಟಿಯಾದ ಹೆಂಡತಿ ಪುಟ್ಟತಾಯಿಯನ್ನು ಕರೆದು ಅವಳ ಭಾರವನ್ನೂ ಹಾಕಿಸಿದ.

ಗಿಲಕಿ ಮುರಿದರೆ ಮಗು ಅತ್ತು ಸುಮ್ಮನಾಗುತ್ತದೆ. ಇದು ಮುರಿದರೆ...? ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಮರುದಿನ ಕೋಲನ್ನು ಅತ್ತೆಯ ಮುಂದೆ ಹಿಡಿದ. ಅಜ್ಜಿ ಮೇಲಿಂದ ಕೆಳಗೆ ನೋಡಿದರು. ಕೆಳಗಿಂದ ಮೇಲೆ ನೋಡಿದರು.

“ಇದ ಹಿಡ್ಕಂಡು ಹೋದ್ರೆ ಜನ ಮುದುಕಿ ಅನ್ನಾಕಿಲ್ಲ... ಹುಚ್ಚಿ ಅಂತಾರೆ.”

ಕೆಂಪರಾಜು ತಲೆ ತಗ್ಗಿಸಿದ.

“ಅದೇ ವಾಸಿ,” ಎಂದು ಹೊಂಬಾಳಮ್ಮ ಮಂಚದಿಂದ ಕಾಲು ಕೆಳಗಿಟ್ಟರು.

ಪೋಣಿಸಿದ ತುಂಡುಗಳ ನಡುವೆ ಕೂದಲೆಳೆಯಷ್ಟು ಸಡಿಲ ಉಳಿದಿತ್ತು. ಹೆಜ್ಜೆಗೊಮ್ಮೆ ಕಟಕಟ ಸದ್ದು. ಅಜ್ಜಿ ಹೊಸ್ತಿಲು ದಾಟಿದರು... ಬೀದಿಗಿಳಿದರು...

ಕೆಂಪರಾಜು ಹಿಂದೆಯೇ ಹೊರಟ. ಕಂಡರೆ ಬೈಯುತ್ತಾರೆಂದು, ಬೀದಿಯಲ್ಲಿ ನಿಂತಿದ್ದ ಆಟೋಗಳ ಮರೆಯಲ್ಲೇ ನಡೆದ. ಎರಡು ಕೈಯನ್ನೂ ಮುಂದಕ್ಕೆ ಚಾಚಿಕೊಂಡಿದ್ದ. ಅತ್ತೆ ಬಿದ್ದರೆ ಅಷ್ಟು ದೂರದಿಂದ ಹೇಗೆ ಹಿಡಿಯುತ್ತಿದ್ದನೋ ಅವನಿಗೇ ಗೊತ್ತು.

ಅಜ್ಜಿ ಗೆಳತಿ ಚೌಡಮ್ಮನ ಜಗಲಿ ತಲುಪಿದರು. ಯಾವ ಮಗುವಿನ ಆಟದ ಸಾಮಾನು ಕಿತ್ತುಕೊಂಡು ಬಂದೆ ಎಂದು ಚೌಡಮ್ಮ ನಕ್ಕರು.

ಹೊಂಬಾಳಮ್ಮ ನಗಲಿಲ್ಲ.

“ನಮ್ಮಳಿಯಂದ್ರು ಮಾಡಿದ್ದು ಕಣವ್ವ. ಅವ್ರಿಗೆ ಕೋಲು ಮಾಡಾಕೆ ಬರಾಕಿಲ್ಲ... ನಾನು ಬೀಳಬಾರ್ದು ಅಂತ ಮಾಡವ್ರೆ.”

ಕೆಂಪರಾಜು ಆಟೋ ಮರೆಯಿಂದ ಸದ್ದಿಲ್ಲದೆ ಮನೆಗೆ ಬಂದ. ಕಣ್ಣೇಕೆ ಕೆಂಪಗಿದೆ ಎಂದು ಪುಟ್ಟತಾಯಿ ಕೇಳಿದಳು. ಅರಗಿನ ಹೊಗೆ ಎಂದ.

ಅಂದು ಬೆಳಗಿನಿಂದ ಲೇತ್ ತಿರುಗಿರಲೇ ಇಲ್ಲ.

*ಬಾರದ ಕೆಲಸಕ್ಕೆ ಕೈ ಹಾಕಿದಾಗ ಬರುವ ಕೆಲಸವೂ ಜೊತೆಗೆ ಬಂದುಬಿಡುತ್ತದೆ... ಅದನ್ನು ಬಾಗಿಲಲ್ಲಿ ತಡೆಯಬೇಡಿ.*

ನಿಮ್ಮ ಮನೆಯಲ್ಲೂ ಯಾರಾದರೂ ಮೂಲೆ ಹಿಡಿದು ಕುಳಿತಿದ್ದಾರೆಯೇ? ಅವರಿಗೆ ನೀವು ಕೊಡುತ್ತಿರುವುದು ಬುದ್ಧಿಮಾತೋ, ಊರುಗೋಲೋ...?

ಈಗ ಆ ಬೀದಿಯಲ್ಲಿ ನಾಲ್ವರು ಅಜ್ಜಿಯರು ಬಣ್ಣದ ಕೋಲು ಹಿಡಿದು ನಡೆಯುತ್ತಾರೆ. ಅವರಲ್ಲಿ ಇಬ್ಬರಿಗೆ ಕಾಲುನೋವಿಲ್ಲ.