ದುರ್ಯೋಧನನ ಹಾಡುಗಳು

ಕಡಲೆಕಾಯಿ ಕೀಳುವ ಕಾಲ. ಮನೆಯವರೆಲ್ಲ ಹೊಲದಲ್ಲಿ ಬಗ್ಗಿದ್ದರೆ ಸುನಂದ ಹೊಂಗೆಯ ನೆರಳಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. ಪಿಡಿಎಫ್ ಕಡತಗಳನ್ನು ಓದುವ ತಂತ್ರಾಂಶದ ದೋಷಗಳನ್ನು ಸರಿಪಡಿಸುವುದು ಅವಳ ಕೆಲಸ. ಇವತ್ತಿನದು ದೊಡ್ಡ ಕಂಡಿ: ಬೀಗ ಹಾಕಿದ ಕಡತವೂ ಪಾಸ್‌ವರ್ಡ್ ಕೇಳದೆ ತೆರೆದುಕೊಳ್ಳುತ್ತಿತ್ತು.

ಬೋರಲಿಂಗಪ್ಪ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಏನು ಕೆಲಸವೆಂದು ಕೇಳಿ ತಿಳಿದುಕೊಂಡ. ಊರ ನಾಟಕದಲ್ಲಿ ಮೊದಲಿನಿಂದಲೂ ಅವನೇ ದುರ್ಯೋಧನ.

"ಮೇಷ್ಟ್ರು ಹೊಸ ನಾಟಕ ಬರೆದವ್ರೆ ಕಣವ್ವ. ನನ್ನ ಹಾಡೆಲ್ಲ ಕಿತ್ತಾಕವ್ರಂತೆ. ಎಲ್ಲರ ಫೋನಿಗೂ ಕಳಿಸವ್ರೆ, ಬೀಗ ಜಡಿದು. ತಾಲೀಮಿನ ದಿನ ತೆಗೀತಾರಂತೆ. ನಿನ್ನ ಕಂಡೀಲಿ ಒಂದ್ಸಲ ಇಣುಕಿ ನೋಡು, ಒಂದು ಮಂಕರಿ ಕಾಯಿ ಕೊಡ್ತೀನಿ."

"ಬೇರೆಯವರ ಬೀಗ ನಾನು ಮುಟ್ಟಲ್ಲ ಮಾವ. ಈಗ ಆ ಕಂಡೀನೇ ಮುಚ್ತಾ ಇದ್ದೀನಿ."

"ಸಂಜೆಗೆ ಮುಚ್ಚಿದ್ರೆ ದನ ನುಗ್ತವಾ?"

ಅವಳು ನಗುತ್ತಲೇ ಮುಚ್ಚಿದಳು. ಅವನು ಗೊಣಗುತ್ತ ಎದ್ದುಹೋದ.

ಮುಸ್ಸಂಜೆಗೆ ಮೇಷ್ಟ್ರೇ ಅವಳ ಜಗಲಿಗೆ ಬಂದರು. ಹೊಲದಿಂದ ಮಂಕರಿ ಹೊತ್ತು ಹೊರಟಿದ್ದ ಬೋರಲಿಂಗಪ್ಪ ಬೇಲಿಯಾಚೆ ನಿಂತ.

"ಸುನಂದ, ಪಾಸ್‌ವರ್ಡ್ ಮರೆತೋಯ್ತಮ್ಮ. ಬೀಗ ಇಲ್ಲದ ಪ್ರತಿ ಬೇರೆಲ್ಲೂ ಇಲ್ಲ. ತೆಗೆಯೋಕಾಯ್ತದ? ಇಲ್ಲದಿದ್ರೆ ಈ ಸಲವೂ ಹಳೇ ನಾಟಕವೇ ಗತಿ."

ಕಂಡಿಯಿದ್ದ ಹಳೆಯ ತಂತ್ರಾಂಶ ಅವಳ ಲ್ಯಾಪ್‌ಟಾಪಿನಲ್ಲಿ ಇನ್ನೂ ಇತ್ತು. ಬೀಗ ಮೇಷ್ಟ್ರದೇ ಆದ್ದರಿಂದ ತೆಗೆದರೆ ತಪ್ಪೂ ಇರಲಿಲ್ಲ. ಅವಳು ಬಾಯಿ ತೆರೆಯುವಷ್ಟರಲ್ಲಿ ಬೋರಲಿಂಗಪ್ಪ ಒಳಗೆ ಬಂದು ಮಂಕರಿಯನ್ನು ಜಗಲಿಯ ಮೇಲಿಳಿಸಿದ.

"ಕಂಡಿ ಮುಚ್ಚಿದ್ದಕ್ಕೆ ಕಣವ್ವ," ಎಂದ.

ಸುನಂದ ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡಳು.

"ಆಗಕ್ಕಿಲ್ಲ ಮೇಷ್ಟ್ರೇ. ಮಧ್ಯಾಹ್ನವೇ ಮುಚ್ಚಿಬಿಟ್ಟೆ."