ದೋಣಿಯ ಹುಟ್ಟು

ಮೀನು ಮಾರುವ ಆ ಹೆಂಗಸು ಕಡಲತಡಿಯ ವಸ್ತುಸಂಗ್ರಹಾಲಯಕ್ಕೆ ಬಂದಾಗಲೆಲ್ಲ ಒಂದೇ ದೋಣಿಯ ಮುಂದೆ ನಿಲ್ಲುತ್ತಿದ್ದಳು. ಹಿಂದಿನ ಮಳೆಗಾಲದಲ್ಲಿ ಅವಳ ಮಗನಿಲ್ಲದೆ ಒಂಟಿಯಾಗಿ ದಡಕ್ಕೆ ಬಂದ ದೋಣಿ ಅದು; ಹಳೇ ಕಾಲದ ಮರದ ದೋಣಿಯೆಂದು ಇಲ್ಲಿಗೆ ತಂದಿಟ್ಟಿದ್ದರು.

ಇಂದು ಅವಳು ಅದರ ಹುಟ್ಟನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು. ಕಾವಲುಗಾರ ಓಡಿಬಂದ.

"ಮುಟ್ಬೇಡಿ ಅಮ್ಮ, ಕೈಬೆವರಿಗೆ ಮರ ಹಾಳಾಗ್ತದೆ."

"ಅವನ ಬೆವರು ಕುಡಿದ ಮರ ಅಲ್ವಾ ಮಗಾ ಇದು? ಇದೊಂದು ಕೊಡು. ದೋಣಿ ನೀವೇ ಇಟ್ಕೊಳ್ಳಿ."

"ಹೇಗೆ ಕೊಡುದು ಮಾರಾಯ್ರೆ? ನನ್ನ ಕೆಲ್ಸ ಹೋಗ್ತದೆ. ಇಲ್ಲಿದ್ರೆ ನೂರು ವರ್ಷ ಹಾಳಾಗದ ಹಾಗೆ ನೋಡ್ಕೊಳ್ತೇವೆ. ಮನೇಲಿ ನೀವು ಎಲ್ಲಿ ಇಡ್ತೀರಿ?"

ಅವಳು ಹುಟ್ಟಿನಿಂದ ಕೈ ತೆಗೆಯಲಿಲ್ಲ.

"ಇಡ್ಲಿಕ್ಕಲ್ಲ, ಸುಡ್ಲಿಕ್ಕೆ. ಅವನ ಹೆಣ ಸಿಗ್ಲೇ ಇಲ್ವಲ್ಲ ಮಗಾ."